ಕೊಟ್ಟಿಗೆಯ ಅಟ್ಟದಲ್ಲಿದ್ದ ಹಿತ್ತಾಳೆ ತೋಟಾಗಳು

ಪ್ರಶ್ನೆ: ನಮ್ಮದು ತೀರ್ಥಹಳ್ಳಿ ಸೀಮೆಯ ಅಡಿಕೆ ತೋಟದ ಮನೆ. ಅಜ್ಜನ ಕಾಲದ ವೆಬ್ಲಿ ರಿವಾಲ್ವರ್ ಈಗ ನನ್ನ ಹೆಸರಿನ ಪರವಾನಗಿಯಲ್ಲಿದೆ. ಅದರ .455 ತೋಟಾ ಶಿವಮೊಗ್ಗದಲ್ಲಿ ವಿಚಾರಿಸಿದರೆ ಸಿಗಲಿಲ್ಲ. ಕೊಟ್ಟಿಗೆಯ ಅಟ್ಟದಲ್ಲಿದ್ದ ತಗಡಿನ ಡಬ್ಬಿಯೊಂದರಲ್ಲಿ ಅಜ್ಜನ ಕಾಲದ ಹನ್ನೊಂದು ತುಂಬಿದ ತೋಟಾಗಳೂ ಮೂವತ್ತರಷ್ಟು ಖಾಲಿ ತೋಟಾಗಳೂ ಇವೆ. ಕೋವಿಯ ಮದ್ದು, ಕರಗಿಸಿದ ಸೀಸ ಬಳಸಿ ಖಾಲಿ ತೋಟಾಗಳನ್ನು ಮನೆಯಲ್ಲೇ ತುಂಬಿಕೊಳ್ಳಬಹುದು ಎಂದು ಒಬ್ಬರು ಹೇಳಿದರೆ, .45 ಪಿಸ್ತೂಲಿನ ತೋಟಾ ಹಾಕಿದರೂ ನಡೆಯುತ್ತದೆ ಎಂದು ಇನ್ನೊಬ್ಬರು ಹೇಳುತ್ತಾರೆ. ಯಾರ ಮಾತು ಸರಿ?
— ಹೆಸರು ಬೇಡವೆಂದ ಓದುಗರು

ಉತ್ತರ: ಎರಡೂ ಮಾತುಗಳನ್ನು ಬಿಟ್ಟುಬಿಡಿ. ನಿಮ್ಮ ಪತ್ರದಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಆ ಡಬ್ಬಿ ಕೊಟ್ಟಿಗೆಯ ಅಟ್ಟದಲ್ಲಿತ್ತು ಎಂಬ ಸಂಗತಿ.

ಬ್ರಿಟಿಷರ ಕಾಲದಲ್ಲಿ ಭಾರತದಲ್ಲಿದ್ದ ಸೈನ್ಯಕ್ಕೆ ಒಂದು ಸಮಸ್ಯೆ ಎದುರಾಗಿತ್ತು. ಮಳೆಗಾಲದಲ್ಲಿ ಕುದುರೆ ಲಾಯದ ಬಳಿ ಇಟ್ಟ ಹಿತ್ತಾಳೆಯ ತೋಟಾಗಳು ಯಾರೂ ಮುಟ್ಟದಿದ್ದರೂ ತಾವಾಗಿಯೇ ಬಿರುಕು ಬಿಡುತ್ತಿದ್ದವು. ಕಾರಣವನ್ನು 1921ರಲ್ಲಿ ವಿಜ್ಞಾನಿಗಳು ವಿವರಿಸಿದರು. ಹಿತ್ತಾಳೆಯನ್ನು ತಣ್ಣಗಿರುವಾಗಲೇ ಒತ್ತಿ, ಎಳೆದು ತೋಟಾ ಮಾಡುವುದರಿಂದ ಲೋಹದೊಳಗೆ ಬಿಗಿತ ಉಳಿದಿರುತ್ತದೆ. ಮೂತ್ರದಿಂದ ಏಳುವ ಅಮೋನಿಯಾ ತೇವದ ಗಾಳಿಯೊಂದಿಗೆ ಸೇರಿ ಆ ಬಿಗಿತವಿರುವ ಕಡೆಯೇ ಲೋಹವನ್ನು ಸೀಳುತ್ತದೆ. ಮಲೆನಾಡಿನ ಕೊಟ್ಟಿಗೆಯಲ್ಲಿ ಗಂಜಲಕ್ಕೂ ಕೊರತೆಯಿಲ್ಲ, ತೇವಕ್ಕೂ ಕೊರತೆಯಿಲ್ಲ. ಒಂದು ಖಾಲಿ ತೋಟಾವನ್ನು ಬಿಸಿಲಿಗೆ ಹಿಡಿದು, ಗುಂಡು ಕೂರುವ ಬಾಯಂಚನ್ನು ಭೂತಗನ್ನಡಿಯಲ್ಲಿ ನೋಡಿ. ಅಂಚಿನಿಂದ ಕೆಳಗಿಳಿಯುವ ಕೂದಲೆಳೆಯಂಥ ಗೆರೆ ಕಂಡರೆ ಅದು ಕೊಳೆಯಲ್ಲ, ಸೀಳು. ಗೆರೆ ಕಾಣದಿದ್ದರೂ ಅದನ್ನು ನಂಬುವಂತಿಲ್ಲ, ಏಕೆಂದರೆ ಹಳೆಯ ಕೇಪುಗಳಲ್ಲಿ (ತೋಟಾದ ತಳದಲ್ಲಿದ್ದು ಮದ್ದಿಗೆ ಕಿಡಿ ಹೊತ್ತಿಸುವ ಪುಟ್ಟ ಬಿಲ್ಲೆ) ಪಾದರಸದ ಸಂಯುಕ್ತವಿರುತ್ತಿದ್ದು, ಒಮ್ಮೆ ಹಾರಿಸಿದ ಮೇಲೆ ಆ ಪಾದರಸ ಹಿತ್ತಾಳೆಗೆ ಹತ್ತಿ ಅದನ್ನು ಪೆಡಸಾಗಿಸುತ್ತದೆ.

ಇನ್ನು ತುಂಬುವ ವಿಚಾರ. .455 ತೋಟಾದ ಇತಿಹಾಸವೇ ತೊಡಕಿನದು. ಕಪ್ಪು ಮದ್ದಿನ ಕಾಲದ ಉದ್ದನೆಯ ತೋಟಾವನ್ನು, ಶಾವಿಗೆಯ ಎಳೆಯಂತಿದ್ದ ಕಾರ್ಡೈಟ್ ಮದ್ದು ಬಂದ ಮೇಲೆ, ಕಿರಿದಾದ ಜಾಗದಲ್ಲಿ ಅದು ಚೆನ್ನಾಗಿ ಉರಿಯುತ್ತದೆಂಬ ಕಾರಣಕ್ಕೆ 1897ರಲ್ಲಿ ಗಿಡ್ಡ ಮಾಡಿದರು. ಹೀಗೆ ಒಂದೇ ಸಂಖ್ಯೆಯ ಹೆಸರಿನಲ್ಲಿ ಎರಡು ಅಳತೆಯ ತೋಟಾಗಳು ಉಳಿದಿವೆ. ಸೈನ್ಯದ ಹಳೆಯ ತೋಟಾಗಳಲ್ಲಿ ಕೇಪಿನ ಹಿಂದೆ ನಡುವೆ ಒಂದು ತೂತಿನ ಬದಲು ಬದಿಗೆ ಎರಡು ಸಣ್ಣ ತೂತುಗಳಿರುವುದರಿಂದ, ಸಾಮಾನ್ಯ ಸಲಕರಣೆಯಿಂದ ಹಳೆಯ ಕೇಪನ್ನು ತೆಗೆಯಲೂ ಬಾರದು. ಇದಕ್ಕೆಲ್ಲ ಮಿಗಿಲಾದ ಅಪಾಯವೆಂದರೆ, ಕಾರ್ಡೈಟಿನಂಥ ಹೊಗೆರಹಿತ ಮದ್ದು ಇಂಥ ತೋಟಾದ ತಳದಲ್ಲಿ ಸ್ವಲ್ಪವೇ ಜಾಗ ಹಿಡಿಯುವುದರಿಂದ ಕೈತಪ್ಪಿ ಎರಡು ಬಾರಿ ಸುರಿದರೂ ಕಣ್ಣಿಗೆ ತಿಳಿಯುವುದಿಲ್ಲ. ಈಡು ಹಾರಿದಾಗ ಒಡೆಯುವ ಸಿಲಿಂಡರ್, ಅಂದರೆ ತೋಟಾಗಳು ಕೂರುವ ತಿರುಗು ಭಾಗ, ನಿಮ್ಮ ಮುಖದಿಂದ ಒಂದು ಮೊಳ ದೂರದಲ್ಲಿರುತ್ತದೆ ಎಂಬುದನ್ನು ದಯವಿಟ್ಟು ನೆನಪಿನಲ್ಲಿಡಿ.

ಕಾನೂನನ್ನೂ ಹೇಳಬೇಕು. ನಿಮ್ಮ ಕೈಯಲ್ಲಿರುವುದು ಆಯುಧವನ್ನು ಇಟ್ಟುಕೊಳ್ಳುವ ಪರವಾನಗಿ. 1959ರ ಆಯುಧ ಕಾಯ್ದೆಯ 5ನೇ ಕಲಂ ಮದ್ದುಗುಂಡು ತಯಾರಿಕೆಗೆ ಬೇರೆಯೇ ಪರವಾನಗಿ ಕೇಳುತ್ತದೆ. ಮದ್ದುಗುಂಡಿನ ಬಿಡಿಭಾಗಗಳು, ಅದನ್ನು ತಯಾರಿಸುವ ಯಂತ್ರಗಳು ಸಹ ಕಾಯ್ದೆಯ ವ್ಯಾಖ್ಯೆಯಲ್ಲಿ ‘ಮದ್ದುಗುಂಡು’ ಎಂದೇ ಸೇರಿವೆ. 2019ರ ತಿದ್ದುಪಡಿಯ ನಂತರ 5ನೇ ಕಲಮನ್ನು ಮೀರಿದ ತಯಾರಿಕೆಗೆ ಕನಿಷ್ಠ 7 ವರ್ಷ, ಗರಿಷ್ಠ ಜೀವಾವಧಿ ಶಿಕ್ಷೆಯಿದೆ. ಆದ್ದರಿಂದ ಜಿಲ್ಲಾಧಿಕಾರಿಗಳ ಕಚೇರಿಯಿಂದ ಲಿಖಿತ ಉತ್ತರ ಪಡೆಯದೆ ಒಂದು ಸಲಕರಣೆಯನ್ನೂ ಮನೆಗೆ ತರಬೇಡಿ.

.45 ಪಿಸ್ತೂಲಿನ ತೋಟಾದ ಸಲಹೆ ಎಲ್ಲಿಂದ ಬಂತೆಂಬುದನ್ನು ಊಹಿಸಬಲ್ಲೆ. ಎಷ್ಟೋ ವೆಬ್ಲಿಗಳ ಸಿಲಿಂಡರಿನ ಹಿಂಬದಿಯನ್ನು ತೆಳ್ಳಗೆ ಕೆತ್ತಿ, ಅರ್ಧಚಂದ್ರಾಕಾರದ ಕ್ಲಿಪ್ಪಿನಲ್ಲಿ ಸಿಕ್ಕಿಸಿದ ಆ ತೋಟಾ ಕೂರುವಂತೆ ಮಾರ್ಪಡಿಸಿದ್ದಾರೆ. ತೋಟಾ ಕೂರುತ್ತದೆ, ಹಾರುತ್ತದೆ. ಆದರೆ ಅದರ ಒತ್ತಡ .455ರ ಒತ್ತಡಕ್ಕಿಂತ ಸುಮಾರು ಒಂದೂವರೆ ಪಟ್ಟು. ನಿಮ್ಮ ರಿವಾಲ್ವರನ್ನು ಖಾಲಿ ಮಾಡಿ, ಕೀಲಿನ ಬಳಿ ಮಡಚಿ ತೆರೆದು, ಸಿಲಿಂಡರಿನ ಮೇಲಿನ ಸಂಖ್ಯೆಯನ್ನು ನೋಡಿ. ಅಂಕೆಗಳ ಒಂದು ಭಾಗ ಕತ್ತರಿಸಿ ಹೋದಂತಿದ್ದರೆ ಆ ಕೆತ್ತನೆ ನಡೆದಿರುವ ಸಂಭವ ಹೆಚ್ಚು. ಪರವಾನಗಿ ಪಡೆದ ಕೋವಿ ದುರಸ್ತಿಗಾರರು ಅಳತೆ ಮಾಡಿ ಹೇಳುವವರೆಗೆ ಅದಕ್ಕೆ ಯಾವ ತೋಟಾವನ್ನೂ ಹಾಕಬೇಡಿ.

ತೋಟದ ಮನೆಯ ರಕ್ಷಣೆಗೆ ರಿವಾಲ್ವರ್ ಬೇಕೇಬೇಕು ಎನ್ನುವುದಾದರೆ, ಕಾನ್ಪುರದ ಸರ್ಕಾರಿ ಕಾರ್ಖಾನೆಯ .32 ರಿವಾಲ್ವರಿಗೆ ಅರ್ಜಿ ಹಾಕುವುದು ನೇರವಾದ ದಾರಿ. ಅದರ ತೋಟಾ ನಮ್ಮ ದೇಶದಲ್ಲೇ ತಯಾರಾಗುತ್ತದೆ. ಅಜ್ಜನ ವೆಬ್ಲಿಯನ್ನು ಮಾರಬೇಕೆಂದು ನಾನು ಹೇಳುತ್ತಿಲ್ಲ. ಇಟ್ಟುಕೊಳ್ಳುವುದಾದರೆ ನಳಿಗೆಯ ಕಡೆ ಗಮನವಿರಲಿ: ಆ ಹಳೆಯ ಕೇಪುಗಳ ಉರಿಯಲ್ಲಿ ಉಳಿಯುವ ಉಪ್ಪು ಆಷಾಢದ ತೇವವನ್ನು ಹೀರಿ ನಳಿಗೆಯನ್ನು ತಿನ್ನುತ್ತದೆ. ಎಣ್ಣೆಗೆ ಆ ಉಪ್ಪು ಕರಗುವುದಿಲ್ಲ, ನೀರಿಗೆ ಕರಗುತ್ತದೆ. ಆದ್ದರಿಂದ ನಳಿಗೆಯನ್ನು ಒಮ್ಮೆ ಬಿಸಿನೀರಿನಲ್ಲಿ ತೊಳೆದು, ಪೂರ್ತಿ ಒಣಗಿಸಿ, ಆಮೇಲೆ ಎಣ್ಣೆ ಹಚ್ಚಿಡಿ. ಹನ್ನೊಂದು ತುಂಬಿದ ತೋಟಾಗಳನ್ನು ಒಲೆಗಾಗಲಿ ಬಾವಿಗಾಗಲಿ ಹಾಕದೆ, ಮೊದಲು ಠಾಣೆಗೆ ತಿಳಿಸಿ, ಪರವಾನಗಿ ಪುಸ್ತಕದೊಂದಿಗೆ ಅಲ್ಲಿಗೇ ಒಪ್ಪಿಸಿ ರಸೀದಿ ಪಡೆಯಿರಿ.