ಥೈರಾಯ್ಡ್ ಸ್ಕ್ಯಾನ್‌ನಲ್ಲಿ ಗ್ರಂಥಿಯೇ ಕಾಣಲಿಲ್ಲ: ಗಿಡಮೂಲಿಕೆ ಮಾತ್ರೆ ಕಾರಣವೇ?

ನಿಮ್ಮ ತಾಯಿಯವರ ಸ್ಕ್ಯಾನ್‌ನಲ್ಲಿ ಕುತ್ತಿಗೆಯ ಥೈರಾಯ್ಡ್ ಗ್ರಂಥಿಯೇ ಕಾಣಲಿಲ್ಲ, ತೂಕ ಇಳಿಸಲು ನುಂಗುತ್ತಿರುವ ಗಿಡಮೂಲಿಕೆ ಮಾತ್ರೆ ಕಾರಣವೋ, ಕಳಲೆಯೋ ಎಂದು ಕೇಳಿದ್ದೀರಿ. ಮೊದಲು ಅನುಮಾನಿಸಬೇಕಾದದ್ದು ಆ ಮಾತ್ರೆಯನ್ನೇ. ಇಂಥವುಗಳಲ್ಲಿ ಕೆಲ್ಪ್ ಎಂಬ ಕಡಲ ಪಾಚಿ ಇರುವುದುಂಟು, ಅದರಲ್ಲಿ ಅಯೋಡಿನ್ ಹೇರಳ. ಗ್ರಂಥಿಯು ಅಯೋಡಿನ್ ಎಳೆದುಕೊಳ್ಳುವ ಬಾಗಿಲಿನಿಂದಲೇ ಸ್ಕ್ಯಾನ್‌ಗಾಗಿ ಚುಚ್ಚುವ ವಿಕಿರಣಶೀಲ ವಸ್ತು ಟೆಕ್ನೀಷಿಯಂ ಕೂಡ ಒಳಹೋಗಬೇಕು. ದೇಹದಲ್ಲಿ ಅಯೋಡಿನ್ ತುಂಬಿದ್ದರೆ ಆ ಬಾಗಿಲು ಮುಚ್ಚಿದಂತೆಯೇ: ಚಿತ್ರದಲ್ಲಿ ಜೊಲ್ಲು ಗ್ರಂಥಿಗಳು ಹೊಳೆಯುತ್ತವೆ, ಕುತ್ತಿಗೆಯ ಭಾಗ ಖಾಲಿ.

ಡಬ್ಬಿಯ ಹಿಂಬದಿಯ ಸಣ್ಣಕ್ಷರ ಓದಿ. ಕೆಲ್ಪ್, ಕಡಲ ಪಾಚಿ, ಅಯೋಡಿನ್, ಇವುಗಳಲ್ಲಿ ಯಾವುದಿದ್ದರೂ ಫೋಟೋ ತೆಗೆದು ಸ್ಕ್ಯಾನ್ ಮಾಡಿದವರಿಗೆ ಕಳುಹಿಸಿ. ನಾಟಿ ವೈದ್ಯರ ಪುಡಿಗೆ ಚೀಟಿ ಇರುವುದಿಲ್ಲ, ಪೊಟ್ಟಣವನ್ನೇ ಒಯ್ಯಿರಿ. ಇತ್ತೀಚೆಗೆ ಬಣ್ಣದ ಇಂಜೆಕ್ಷನ್ ಕೊಟ್ಟು ಸಿ.ಟಿ. ಮಾಡಿಸಿದ್ದರೆ ಅದನ್ನೂ ಹೇಳಿ, ಅದರಲ್ಲಿಯೂ ಅಯೋಡಿನ್ ಇರುತ್ತದೆ. ಕೆಲ್ಪ್ ಬಿಟ್ಟ ಮೇಲೆ ಸಾಮಾನ್ಯವಾಗಿ 2ರಿಂದ 4 ವಾರ ಕಾಯಿಸುತ್ತಾರೆ. ವೈದ್ಯರು ಬರೆದುಕೊಟ್ಟ ಥೈರಾಯ್ಡ್ ಮಾತ್ರೆಯನ್ನು ಮಾತ್ರ ನೀವಾಗಿ ನಿಲ್ಲಿಸಬೇಡಿ.

ಇನ್ನು ಕಳಲೆ, ಅಂದರೆ ಎಳೆ ಬಿದಿರಿನ ಮೊಳಕೆ. ಹಸಿ ಕಳಲೆಯ ಸಯನೈಡ್ ಅಂಶ ದೇಹದಲ್ಲಿ ಥಯೋಸಯನೇಟ್ ಆಗಿ ಅದೇ ಬಾಗಿಲಿಗೆ ಅಡ್ಡ ನಿಲ್ಲುತ್ತದೆ, ನಿಜ. ಆದರೆ ತೀರ್ಥಹಳ್ಳಿ ಕಡೆ ಹೆಚ್ಚಿ, ದಿನವೂ ನೀರು ಬದಲಿಸಿ ನೆನೆಸಿಯೇ ಅಲ್ಲವೇ ಪಲ್ಯ ಮಾಡುವುದು? ಬಹುಪಾಲು ನೀರಿನಲ್ಲೇ ಹೋಗುತ್ತದೆ. ನಾನಾದರೆ ಅದನ್ನು ದೂರುವುದಿಲ್ಲ.

ಗ್ರಂಥಿಯ ಉರಿಯೂತದಲ್ಲಿಯೂ ಸ್ಕ್ಯಾನ್ ಹೀಗೆಯೇ ಬರಬಹುದು. ಹಾಗಾಗಿ ಥೈರಾಯ್ಡ್ ರಕ್ತಪರೀಕ್ಷೆಗಳಾದ ಟಿ.ಎಸ್.ಎಚ್., ಟಿ4 ವರದಿಗಳನ್ನೂ ಜೊತೆಗೆ ಕಳುಹಿಸಿ, ಮರು ಸ್ಕ್ಯಾನ್ ಬೇಕೇ ಎಂದು ಫೋನಿನಲ್ಲಿ ಕೇಳಿಕೊಂಡ ಮೇಲೆಯೇ ಆಸ್ಪತ್ರೆಗೆಂದು ಘಾಟಿ ಇಳಿಯಿರಿ.