ಬಾದಾಮಿ ಹತ್ತಿರ ಗುಡ್ಡದ ಮೇಲೆ ಟೆಂಟ್ ಹಾಕೋಕೆ 12 ವರ್ಷದ ಲ್ಯಾಬ್ರಡಾರ್ ಕರ್ಕೊಂಡು ಹೋಗಬಹುದಾ? ಯಾವ ಟೆಂಟ್ ತಗೋಬೇಕು?

"ಇನ್ನೆಷ್ಟು ದಿನ ಇರುತ್ತೋ ಗೊತ್ತಿಲ್ಲ, ಒಂದು ರಾತ್ರಿಯಾದರೂ ಬೆಟ್ಟದ ಮೇಲೆ ಅದರ ಜೊತೆ ಕಳೀಬೇಕು" ಅಂತ ಬರೆದಿದ್ದೀರಿ. ಇದೇ ಮಾತನ್ನು ನಾನು ನನ್ನ ಹೆಂಡತಿಗೆ ಹೇಳಿ ಒಪ್ಪಿಸಿದ್ದೆ.

ನಮ್ಮದು ಮುಧೋಳ ತಳಿ, ಹೆಣ್ಣು, ಹೆಸರು ಚಂದ್ರಿ. ಆಗ ಅವಳಿಗೆ 11 ತುಂಬಿತ್ತು. ಹಿಂಗಾಲಿನಲ್ಲಿ ಕಸುವು ಕಡಿಮೆಯಾಗಿತ್ತು. ಆದರೂ ಬೆಳಿಗ್ಗೆ ಹೊಲದ ಬದುವಿನ ಮೇಲೆ ಒಂದು ಸುತ್ತು ಹಾಕದೆ ಬರುತ್ತಿರಲಿಲ್ಲ. ಬಾದಾಮಿಯಿಂದ ಮಹಾಕೂಟದ ಕಡೆ ಪರಿಚಯದವರೊಬ್ಬರ ಹೊಲ ಇದೆ. ಹೊಲದ ಅಂಚಿಗೆ ದೊಡ್ಡ ಹಾಸುಬಂಡೆ. ಅದರ ಮೇಲೆ ನಿಂತರೆ ಕೆಂಪು ಗುಡ್ಡದ ಸಾಲು ಪೂರ್ತಿ ಕಾಣುತ್ತದೆ. ಸಮತಟ್ಟಾಗಿದೆ, ಮುಳ್ಳಿಲ್ಲ, ಇರುವೆ ಇಲ್ಲ, ಹಾವು ಬಂದರೂ ದೂರದಿಂದಲೇ ಕಾಣುತ್ತದೆ ಅಂತ ಅಲ್ಲೇ ಟೆಂಟ್ ಹೊಡೆದೆವು.

ನಾವು ಮಾಡಿದ ತಪ್ಪು ಅದೇ. ಟೆಂಟ್ ಯಾವ ಕಂಪನಿಯದು ಅನ್ನುವುದಕ್ಕೂ ಅವತ್ತು ಆದದ್ದಕ್ಕೂ ಏನೂ ಸಂಬಂಧವಿಲ್ಲ, ಅದಕ್ಕೇ ಇದನ್ನು ಸ್ವಲ್ಪ ಉದ್ದ ಬರೆಯುತ್ತೇನೆ.

ಬಾದಾಮಿಯದು ಮರಳುಗಲ್ಲು. ನಮ್ಮ ಕಡೆ ಮಾರ್ಚ್‌ನಲ್ಲೇ ಬಿಸಿಲು 35 ಡಿಗ್ರಿ ದಾಟುತ್ತದೆ, ಆ ಬಂಡೆ ಇಡೀ ದಿನ ಅದನ್ನು ಕುಡಿಯುತ್ತದೆ. ನಾವು ಸಂಜೆ ಆರಕ್ಕೆ ಹೋದಾಗ ಗಾಳಿ ತಂಪಾಗಿತ್ತು. ಆದರೆ ಬಂಡೆ ಮಾತ್ರ ಕಡೇ ರೊಟ್ಟಿ ಇಳಿಸಿದ ಮೇಲಿನ ಹಂಚಿನ ಹಾಗೆ ಕಾವು ಬಿಡುತ್ತಲೇ ಇತ್ತು. ನಮ್ಮ ಕೆಳಗೆ ದಪ್ಪ ಮ್ಯಾಟ್ ಇದ್ದದ್ದರಿಂದ ನಮಗೆ ಗೊತ್ತಾಗಲಿಲ್ಲ. ಚಂದ್ರಿಗೆ ಹಾಸಿದ್ದು ಒಂದು ತೆಳು ಚಾದರ. ಮಲಗುವಳು, ಏಳುವಳು, ಒಂದು ಸುತ್ತು ತಿರುಗುವಳು, ಮತ್ತೆ ಮಲಗುವಳು. ನಾಲಿಗೆ ಹೊರಗೇ ಇತ್ತು. ಹೊಸ ಜಾಗ, ಅದಕ್ಕೆ ಹೀಗೆ ಮಾಡ್ತಾಳೆ ಅಂದುಕೊಂಡೆವು. ನಾಯಿಗೆ ನಮ್ಮ ಹಾಗೆ ಮೈಯೆಲ್ಲ ಬೆವರುವುದಿಲ್ಲ, ಏದುಸಿರು ಬಿಟ್ಟೇ ಮೈ ತಣ್ಣಗೆ ಮಾಡಿಕೊಳ್ಳಬೇಕು. ಅವಳು ಗಂಟೆಗಟ್ಟಲೆ ಮಾಡಿದ್ದು ಅದನ್ನೇ.

ನಡುರಾತ್ರಿ ದಾಟಿದ ಮೇಲೆ ಅದೇ ಬಂಡೆ ಆರಿತು, ಬೆಳಗಿನ ಜಾವಕ್ಕೆ ಕೊರೆಯತೊಡಗಿತು. ಮುಧೋಳ ನಾಯಿಗೆ ಮೈಮೇಲೆ ಕೊಬ್ಬೇ ಇರುವುದಿಲ್ಲ. ಮೊಣಕೈ, ಸೊಂಟದ ಮೂಳೆ ನೇರವಾಗಿ ಕಲ್ಲಿಗೆ ತಾಗುತ್ತವೆ. ಸಂಧಿವಾತ ಇರುವ ಕಾಲು ಹಾಗೆ ತಾಸುಗಟ್ಟಲೆ ಬಿದ್ದರೆ ಮರಗಟ್ಟಿಹೋಗುತ್ತದೆ. ಉಚ್ಚೆಗೆ ಅಂತ ಎದ್ದಳು. ಮರಳುಗಲ್ಲಿನ ಮೇಲೆ ಯಾವಾಗಲೂ ಸಣ್ಣ ಮರಳಿನ ಪುಡಿ ಇರುತ್ತದೆ, ಕೈಯಾಡಿಸಿದರೆ ಅಂಗೈಗೆ ಅಂಟುತ್ತದೆ. ಆ ಪುಡಿಯ ಮೇಲೆ ಹಿಂಗಾಲು ಎರಡೂ ಪಕ್ಕಕ್ಕೆ ಜಾರಿದವು. ಕುಂಯ್ ಅಂದದ್ದು ಕೇಳಿ ಬ್ಯಾಟರಿ ಹಾಕಿದರೆ, ಮುಂಗಾಲಿನ ಉಗುರಿನಿಂದ ಬಂಡೆ ಕೆರೆಯುತ್ತ ಮೇಲೇಳಲು ನೋಡುತ್ತಿದ್ದಳು. ಹಿಂದಿನ ಅರ್ಧ ಮೈ ಬರುತ್ತಿರಲಿಲ್ಲ. ಕಲ್ಲಿನ ಮೇಲೆ ಉಗುರಿನ ಬಿಳಿ ಗೀರು.

ಕಂಬಳಿಯಲ್ಲಿ ಮಲಗಿಸಿ, ನಾಲ್ಕೂ ಮೂಲೆ ಹಿಡಿದು ಕಾರಿನ ತನಕ ಹೊತ್ತೆವು. ಹೊಲದ ಕಾಕಾ ಎದ್ದು ಬಂದವರು ಬೈಯಲಿಲ್ಲ. "ತಮ್ಮಾ, ಮುಪ್ಪಿನ ಎತ್ತು ನಾವು ಕಲ್ಲಿನ ಮ್ಯಾಲ ಕಟ್ಟಂಗಿಲ್ಲ. ಹುಡಿ ಮಣ್ಣಾಗ ಕಟ್ತೀವಿ, ಕೆಳಗ ಕಣಿಕಿ ಹಾಸ್ತೀವಿ. ನನ್ನ ಒಂದ್ ಮಾತು ಕೇಳಬೇಕಿತ್ತು" ಅಂದರು. ಹುಬ್ಬಳ್ಳಿಗೆ ಒಯ್ದು ಡಾಕ್ಟರಿಗೆ ತೋರಿಸಿ ಎಕ್ಸ್‌ರೇ ತೆಗೆಸಿದೆವು. ಮೊಣಕಾಲಿನ ಒಳಗೆ ಮೂಳೆ ಹಿಡಿದಿಡುವ ಕಟ್ಟು (ಲಿಗಮೆಂಟ್) ಹರಿದಿತ್ತು. ಆ ವಯಸ್ಸಿಗೆ ಅರಿವಳಿಕೆ ಕೊಟ್ಟು ಆಪರೇಷನ್ ಮಾಡಿಸಲು ಧೈರ್ಯ ಬರಲಿಲ್ಲ. ಆಮೇಲೂ ಚಂದ್ರಿ ಬದುಕಿದ್ದಳು, ಆದರೆ ಬದುವಿನ ಮೇಲಿನ ಸುತ್ತು ಅಲ್ಲಿಗೆ ಮುಗಿಯಿತು.

ನಿಮ್ಮ ಪ್ರಶ್ನೆಗೆ ನನ್ನ ಉತ್ತರ: ಟೆಂಟ್ ಬೇಡ. ಯಾವುದೂ ಬೇಡ. ಗುಡ್ಡದ ಮೇಲೆ ರಾತ್ರಿ ಕಳೆಯುವ ಆಸೆ ನಿಮ್ಮದು, ನಾಯಿಯದಲ್ಲ. ಆಸೆ ತಪ್ಪಲ್ಲ, ನನಗೂ ಇತ್ತು. ಆದರೆ ಅದರ ಹೆಸರಲ್ಲಿ ಮಾಡಬೇಡಿ. ವಯಸ್ಸಾದ ನಾಯಿಗೆ ಬೇಕಾದ್ದು ಗುರುತಿನ ವಾಸನೆ, ಮೆತ್ತನೆ ನೆಲ, ಕೈಗೆಟುಕುವಷ್ಟು ಹತ್ತಿರ ನೀವು. ನಿಮ್ಮದು ಲ್ಯಾಬ್ರಡಾರ್, ಒತ್ತು ಕೂದಲು, ಸೆಕೆ ಇನ್ನೂ ಬೇಗ ಹತ್ತುತ್ತದೆ. ಜಾರಿ ಬಿದ್ದರೆ 30 ಕಿಲೋ ತೂಕ ಕತ್ತಲಲ್ಲಿ ಗುಡ್ಡ ಇಳಿಸಬೇಕಾಗುತ್ತದೆ.

ಬಾದಾಮಿಗೆ ಬರಲೇಬೇಡಿ ಅನ್ನುತ್ತಿಲ್ಲ, ಬನ್ನಿ. ಡಿಸೆಂಬರ್ ಇಲ್ಲ ಜನವರಿ ಒಳ್ಳೆಯದು, ಬನದ ಹುಣ್ಣಿಮೆಯ ಆಚೀಚೆ ಮಾತ್ರ ಬೇಡ. ಬನಶಂಕರಿ ಜಾತ್ರೆಯ ಗದ್ದಲದಲ್ಲಿ ಮುದಿ ನಾಯಿ ಕಂಗಾಲಾಗುತ್ತದೆ. ಹೋಳಿಗಂತೂ ಈ ಕಡೆ ತರಲೇಬೇಡಿ, ಹಲಗಿ ಸಪ್ಪಳ ನಿಲ್ಲುವುದೇ ಇಲ್ಲ. ಗುಹೆಗಳಿಗೆ ನಾಯಿಯನ್ನು ಬಿಡುವುದಿಲ್ಲ, ಬಿಟ್ಟರೂ ಆ ಮೆಟ್ಟಿಲು ಅದಕ್ಕೆ ಬೇಡ. ಮಂಗಗಳ ಕಾಟ ಬೇರೆ. ಚಾಲುಕ್ಯರ ಮಂಗಳೇಶ 578ರಲ್ಲಿ ಮಾಡಿಸಿದ ಮೂರನೇ ಗುಹೆಯನ್ನು ನೀವು ನೋಡಿ ಬನ್ನಿ, ಅಷ್ಟು ಹೊತ್ತು ಮನೆಯವರು ನಾಯಿಯ ಜೊತೆ ನೆರಳಲ್ಲಿ ಕೂರಲಿ, ಆಮೇಲೆ ಅದಲುಬದಲು. ಪಟ್ಟದಕಲ್ಲಿಗೆ ಹೋದರೂ ಹಾಗೆಯೇ. ನಾಯಿಗೋಸ್ಕರ ಅಂತ ಏನಾದರೂ ಮಾಡುವುದಿದ್ದರೆ ಬೆಳಿಗ್ಗೆ ಏಳಕ್ಕೆ ಅಗಸ್ತ್ಯ ತೀರ್ಥದ ಕೆರೆ ದಂಡೆಯಲ್ಲಿ ನಿಧಾನ ಒಂದಷ್ಟು ನಡೆಸಿ. ಸಪಾಟು ದಾರಿ. ಬೀದಿ ನಾಯಿಗಳಿರುತ್ತವೆ, ಹಗ್ಗ ಬಿಡಬೇಡಿ. ಪಾಚಿಗಟ್ಟಿದ ನೀರಿಗೆ ಬಾಯಿ ಹಾಕಲು ಬಿಡಬೇಡಿ, ನೀರು ಮನೆಯಿಂದಲೇ ತನ್ನಿ. ಎಲ್ಲೇ ಕೂರಿಸುವ ಮುಂಚೆ ಅಂಗೈಯ ಹಿಂಭಾಗ ನೆಲಕ್ಕಿಟ್ಟು ನೋಡಿ. ನಿಮಗೆ ಬಿಸಿಯಾದರೆ ಅದಕ್ಕೂ ಬಿಸಿ.

ಒಂದು ಮಾತು ಖಡಾಖಂಡಿತ. ಕಾಲು ನೋವು ಅಂತ ನಿಮ್ಮ ಡಬ್ಬಿಯ ಪ್ಯಾರಾಸಿಟಮಾಲ್, ಐಬುಪ್ರೊಫೆನ್ ಕೊಡಬೇಡಿ. ನಾಯಿಗೆ ಅವು ವಿಷವಾಗಬಹುದು. ಹೊರಡುವ ಮುಂಚೆ ನಿಮ್ಮ ಡಾಕ್ಟರ್ ಹತ್ತಿರ ನಾಯಿಗೇ ಅಂತ ಇರುವ ನೋವಿನ ಮಾತ್ರೆ, ತೂಕಕ್ಕೆ ತಕ್ಕ ಪ್ರಮಾಣ ಬರೆಸಿಕೊಳ್ಳಿ. ಕುರಿ ಅಡ್ಡಾಡಿದ ಹೊಲದಲ್ಲಿ ಕೂತಿದ್ದರೆ ಸಂಜೆ ಕಿವಿಯೊಳಗೆ, ಬೆರಳ ಸಂದಿಯಲ್ಲಿ ರಕ್ತ ಹೀರುವ ಉಣ್ಣೆ ಹುಳು ಹತ್ತಿದೆಯಾ ಹುಡುಕಿ.

ಟೆಂಟಿಗೆ ಎತ್ತಿಟ್ಟ ದುಡ್ಡಿನಲ್ಲಿ ನೆಲಮಹಡಿಯ ರೂಮು ಹಿಡಿಯಿರಿ. ಮನೆಯಲ್ಲಿ ಅದು ಮಲಗುವ ಹಾಸಿಗೆಯನ್ನು ಒಗೆಯದೆ ಹಾಗೇ ತನ್ನಿ. ರೂಮಿನ ನೆಲ ಟೈಲ್ಸ್ ಆದರೆ ಜಾರದಿರಲು ಒಂದು ರಬ್ಬರ್ ಮ್ಯಾಟೂ ಇರಲಿ. ಬುಕ್ ಮಾಡುವ ಮುಂಚೆ ಫೋನ್ ಮಾಡಿ ನಾಯಿ ಇದೆ ಅಂತ ಹೇಳಿ, ಬಾಗಿಲಿಗೆ ಎಷ್ಟು ಮೆಟ್ಟಿಲು ಅಂತಲೂ ಕೇಳಿ. ನೆಲಮಹಡಿ ಅಂದವರ ಕಡೆಯೂ ಒಮ್ಮೊಮ್ಮೆ ಐದಾರು ಮೆಟ್ಟಿಲು ಇರುತ್ತವೆ.