ಓದುಗರ ಪ್ರಶ್ನೆ: ಬ್ಲೂಬೆರಿಯ ರುಚಿ ಮತ್ತು ಬೆಲೆ

ಪ್ರಶ್ನೆ: ಉಡುಪಿಯಲ್ಲಿ ನಮ್ಮದು ಐದು ಜನರ ಸಂಸಾರ. ಕಳೆದ ವರ್ಷ ಬೆಂಗಳೂರಿನಿಂದ ಬಂದ ಮಗಳು ಒಂದು ಡಬ್ಬಿ ಬ್ಲೂಬೆರಿ ತಂದಿದ್ದಳು. ಅಂದಿನಿಂದ ಎಂಟು ವರ್ಷದ ಮೊಮ್ಮಗಳಿಗೂ ನನಗೂ ಆ ಹಣ್ಣಿನ ರುಚಿ ಹತ್ತಿದೆ. ಆದರೆ ಇಲ್ಲಿ 125 ಗ್ರಾಂ ತೂಕದ ಡಬ್ಬಿಗೆ 300 ರೂಪಾಯಿ ಕೊಡಬೇಕಾಗುತ್ತದೆ, ತಂದ ಮೂರನೆಯ ದಿನಕ್ಕೆ ಅರ್ಧದಷ್ಟು ಹಣ್ಣಿಗೆ ಬೂಷ್ಟು ಬಂದಿರುತ್ತದೆ. ಅದೇ ಹಣಕ್ಕೆ ಮನೆಮಂದಿಗೆಲ್ಲ ವಾರಕ್ಕಾಗುವಷ್ಟು ಬಾಳೆಹಣ್ಣು, ಪೇರಳೆ ಬರುತ್ತದೆಂದು ನಮ್ಮ ಯಜಮಾನರು ಹೇಳುತ್ತಾರೆ. ಆರೋಗ್ಯಕ್ಕೆ ಬಹಳ ಒಳ್ಳೆಯದೆಂದು ಎಲ್ಲರೂ ಹೇಳುವ ಈ ಹಣ್ಣಿಗೆ ಇಷ್ಟು ಖರ್ಚು ಮಾಡುವುದು ಸರಿಯೇ? ಕೆಡದಂತೆ ಇಡುವುದು ಹೇಗೆ?
– ಓದುಗರೊಬ್ಬರು, ಉಡುಪಿ

ಉತ್ತರ: ನಿಮ್ಮ ಯಜಮಾನರ ಮಾತಿನಲ್ಲಿ ಸತ್ಯವಿದೆ, ಆದರೆ ಆ ಕಾರಣಕ್ಕೆ ನೀವೂ ಮೊಮ್ಮಗಳೂ ಬ್ಲೂಬೆರಿಯನ್ನು ಪೂರ್ತಿಯಾಗಿ ಬಿಡಬೇಕಾಗಿಲ್ಲ. ಮೊದಲು ಲೆಕ್ಕವನ್ನು ಸ್ಪಷ್ಟ ಮಾಡಿಕೊಳ್ಳೋಣ. 125 ಗ್ರಾಂಗೆ 300 ರೂಪಾಯಿ ಎಂದರೆ ಕಿಲೋಗೆ 2,400 ರೂಪಾಯಿ. ಒಂದು ಹಣ್ಣು ಸುಮಾರು ಎರಡು ಗ್ರಾಂ ತೂಗುವುದೆಂದು ಹಿಡಿದರೆ ಡಬ್ಬಿಯಲ್ಲಿ ಅರವತ್ತರ ಆಸುಪಾಸು ಹಣ್ಣುಗಳಿರುತ್ತವೆ. ಐವರಿಗೆ ಹಂಚಿದರೆ ತಲಾ ಹನ್ನೆರಡು ಹಣ್ಣು, ಹಣ್ಣೊಂದಕ್ಕೆ ಐದು ರೂಪಾಯಿ. ಇಷ್ಟು ಬೆಲೆಯ ಹಣ್ಣು ದಿನನಿತ್ಯದ ಹಣ್ಣಾಗಲಾರದು. ಹಬ್ಬಕ್ಕೆ ತರುವ ಸಿಹಿತಿಂಡಿಯ ಹಾಗೆ, ಹದಿನೈದು ದಿನಕ್ಕೊಮ್ಮೆ ಒಂದು ಡಬ್ಬಿ ತಂದು, ಒಂದು ಹಣ್ಣೂ ಹಾಳಾಗದಂತೆ ನಿಧಾನವಾಗಿ ಸವಿಯುವುದೇ ಸರಿಯಾದ ಕ್ರಮವೆಂದು ನನಗೆ ತೋರುತ್ತದೆ. ಹಾಳಾಗಿ ಎಸೆಯುವ ಅರ್ಧ ಡಬ್ಬಿಯನ್ನು ಉಳಿಸಿಕೊಂಡರೆ, ತಿಂದ ಹಣ್ಣಿನ ಬೆಲೆ ಅಲ್ಲಿಗೇ ಅರ್ಧಕ್ಕೆ ಇಳಿಯುತ್ತದೆ.

ಈ ಹಣ್ಣು ಇಷ್ಟು ದುಬಾರಿಯಾಗಲು ಕಾರಣಗಳಿವೆ. ನಮ್ಮ ದೇಶದಲ್ಲಿಯೂ ಕೆಲವು ಕಡೆ ಬ್ಲೂಬೆರಿ ಕೃಷಿ ಆರಂಭವಾಗಿದೆಯಾದರೂ ಕರಾವಳಿಯ ಅಂಗಡಿಗಳಲ್ಲಿ ಸಿಗುವ ಡಬ್ಬಿಗಳಲ್ಲಿ ಹೆಚ್ಚಿನವು ಪೆರು, ಚಿಲಿಯಂತಹ ದೂರದ ದೇಶಗಳಿಂದ ಬಂದವು. ಒಂದೇ ಗೊಂಚಲಿನ ಹಣ್ಣುಗಳು ಒಂದೇ ಸಲ ಮಾಗುವುದಿಲ್ಲವಾದ್ದರಿಂದ, ಹಾಗೆಯೇ ತಿನ್ನುವುದಕ್ಕೆಂದು ಮಾರುವ ಹಣ್ಣನ್ನು ಹೆಚ್ಚಾಗಿ ಕೈಯಲ್ಲಿಯೇ, ಮತ್ತೆ ಮತ್ತೆ ಬಂದು ಆರಿಸಿ ಕೊಯ್ಯಬೇಕಾಗುತ್ತದೆ. ಕೊಯ್ದೊಡನೆ ತಣ್ಣಗೆ ಮಾಡಿ, ಹಡಗಿನಲ್ಲಿಯೋ ವಿಮಾನದಲ್ಲಿಯೋ ತಂದು, ದೊಡ್ಡ ನಗರಗಳಿಂದ ಇಲ್ಲಿಯವರೆಗೆ ಅದೇ ತಂಪಿನಲ್ಲಿ ಸಾಗಿಸಬೇಕು. ಇದರ ಮೇಲೆ ಆಮದು ಸುಂಕ ಬೇರೆ. ಅಮೆರಿಕದ ಬ್ಲೂಬೆರಿಯ ಮೇಲಿನ ಸುಂಕವನ್ನು 2024ರಲ್ಲಿ ಶೇಕಡಾ 30ರಿಂದ 10ಕ್ಕೆ ಇಳಿಸಲಾಯಿತು, ಆದರೆ ಸುಂಕವೊಂದು ಇಳಿದ ಮಾತ್ರಕ್ಕೆ ಸಾಗಣೆಯ ಖರ್ಚು ಇಳಿಯುವುದಿಲ್ಲ. ಪೆರುವಿನಲ್ಲಿ ಕೊಯ್ಲು ಜೋರಾಗಿ ನಡೆಯುವುದು ಸೆಪ್ಟೆಂಬರಿನಿಂದ ನವೆಂಬರಿನವರೆಗೆ. ಅದು ಇಳಿಯುವ ಹೊತ್ತಿಗೆ, ಡಿಸೆಂಬರಿನಿಂದ ಫೆಬ್ರವರಿಯವರೆಗೆ, ಚಿಲಿಯ ಹಣ್ಣು ಬರುತ್ತದೆ. ಆದ್ದರಿಂದ ನವರಾತ್ರಿಯಿಂದ ಶಿವರಾತ್ರಿಯ ನಡುವಿನ ತಿಂಗಳುಗಳಲ್ಲಿ ಬೆಲೆಯ ಮೇಲೆ ಕಣ್ಣಿಟ್ಟಿರಿ. ಒಳ್ಳೆಯ ಹಣ್ಣು ಸ್ವಲ್ಪ ಅಗ್ಗಕ್ಕೆ ಸಿಗುವ ಸಾಧ್ಯತೆ ಆಗಲೇ ಹೆಚ್ಚು.

ಇನ್ನು ಆರಿಸುವ ವಿಷಯಕ್ಕೆ ಬರುತ್ತೇನೆ, ಏಕೆಂದರೆ ನಿಮ್ಮ ನಷ್ಟದ ಹೆಚ್ಚಿನ ಪಾಲು ಅಂಗಡಿಯಲ್ಲಿಯೇ ಆರಂಭವಾಗಿರುತ್ತದೆ. ಬ್ಲೂಬೆರಿಯನ್ನು ಗಿಡದಿಂದ ಕೊಯ್ದ ಮೇಲೆ ಅದರ ಸಿಹಿ ಹೆಚ್ಚುವುದಿಲ್ಲ. ಬಾಳೆ, ಮಾವುಗಳಂತೆ ಮನೆಯಲ್ಲಿಟ್ಟು ಹಣ್ಣಾಗಿಸಲು ಬರುವುದಿಲ್ಲ. ತೊಟ್ಟಿನ ಬುಡದಲ್ಲಿ ಕೆಂಪು ಛಾಯೆ ಉಳಿದಿದ್ದರೆ ಆ ಹಣ್ಣು ಹುಳಿಯಾಗಿಯೇ ಇರುತ್ತದೆ. ಮೈಮೇಲೆ ಬೂದಿ ಹಚ್ಚಿದಂತೆ ಕಾಣುವ ತೆಳುವಾದ ಬಿಳಿಯ ಪದರವನ್ನು ಕೆಲವರು ಔಷಧ ಸಿಂಪಡಣೆಯ ಕಲೆಯೆಂದು ಭಾವಿಸುತ್ತಾರೆ. ಅದು ಹಣ್ಣೇ ತನ್ನ ರಕ್ಷಣೆಗೆ ಉಂಟುಮಾಡಿಕೊಳ್ಳುವ ಮೇಣ, ತಾಜಾತನದ ಗುರುತು. ಡಬ್ಬಿಯನ್ನು ಮೆಲ್ಲನೆ ಓಲಾಡಿಸಿದರೆ ಹಣ್ಣುಗಳು ಒಂದಕ್ಕೊಂದು ಅಂಟಿಕೊಳ್ಳದೆ ಉರುಳಬೇಕು. ಅದನ್ನು ಎತ್ತಿ ತಳವನ್ನೂ ನೋಡಬೇಕು, ನೀಲಿ ರಸದ ಕಲೆಯಿದ್ದರೆ ಅಡಿಯ ಹಣ್ಣು ಒಡೆದಿದೆಯೆಂದು ಅರ್ಥ. ಮೇಲಿನ ಸಾಲನ್ನಷ್ಟೇ ನೋಡಿ ಮಂಗಳೂರಿನ ಒಂದು ಅಂಗಡಿಯಿಂದ ತಂದ ಡಬ್ಬಿಯ ಅಡಿಯಲ್ಲಿ ನನಗೂ ಬೂಷ್ಟು ಸಿಕ್ಕಿತ್ತು. ಅಂಗಡಿಯಲ್ಲಿ ಡಬ್ಬಿಯನ್ನು ಫ್ರಿಜ್ಜಿನಿಂದ ಹೊರಗೆ, ಸೇಬು, ಕಿತ್ತಳೆಗಳ ಪಕ್ಕದಲ್ಲಿ ಜೋಡಿಸಿಟ್ಟಿದ್ದರೆ, ಬೆಲೆ ಎಷ್ಟೇ ಕಡಿಮೆಯಿದ್ದರೂ ಕೊಳ್ಳಬೇಡಿ.

ಮನೆಗೆ ತಂದ ಕೂಡಲೇ ತೊಳೆಯುವುದು ನಮ್ಮ ಕಡೆಯ ಒಳ್ಳೆಯ ಅಭ್ಯಾಸ, ಆದರೆ ಈ ಹಣ್ಣಿಗೆ ಅದೇ ಶತ್ರು. ತೊಳೆದರೆ ಆ ಮೇಣ ಹೋಗುತ್ತದೆ, ತೊಟ್ಟಿನ ಗುಳಿಯಲ್ಲಿ ನೀರು ನಿಲ್ಲುತ್ತದೆ, ಬೂಷ್ಟಿಗೆ ಬೇಕಾದುದೂ ಅದೇ. ನಮ್ಮ ಕರಾವಳಿಯ ಗಾಳಿಯಲ್ಲಿಯೇ ಸಾಕಷ್ಟು ತೇವವಿರುವುದರಿಂದ, ತಣ್ಣನೆಯ ಡಬ್ಬಿಯನ್ನು ಹೊರಗೆ ತೆರೆದಿಟ್ಟರೆ ಕ್ಷಣದಲ್ಲಿಯೇ ಹಣ್ಣಿನ ಮೈಮೇಲೆ ಹನಿ ಕೂಡುತ್ತದೆ. ಆದ್ದರಿಂದ ತಂದ ದಿನವೇ ಹಣ್ಣನ್ನು ಒಣ ತಟ್ಟೆಗೆ ಸುರಿದು, ಮೆತ್ತಗಾದುದನ್ನೂ ಒಡೆದುದನ್ನೂ ಬೇರೆ ಮಾಡಿ, ಉಳಿದುದನ್ನು ಒಣ ಕಾಗದದ ಕರವಸ್ತ್ರ ಹಾಸಿದ ಅಗಲ ಡಬ್ಬಿಯಲ್ಲಿ ಹರಡಿ, ಗಾಳಿಯಾಡುವಂತೆ ಮುಚ್ಚಿ, ಫ್ರಿಜ್ಜಿನ ಒಳಭಾಗದಲ್ಲಿಡಿ. ಬಾಗಿಲಿನ ಅರೆಯಲ್ಲಿ ಬೇಡ, ಅಲ್ಲಿ ತಂಪು ಪದೇ ಪದೇ ಏರಿಳಿಯುತ್ತದೆ. ಅಂದಂದಿಗೆ ಬೇಕಾದಷ್ಟನ್ನೇ ತೆಗೆದುಕೊಂಡು ಡಬ್ಬಿಯನ್ನು ಕೂಡಲೇ ಒಳಗಿಡಿ. ಒಳ್ಳೆಯ ಹಣ್ಣಾಗಿದ್ದರೆ ಹೀಗೆ ಒಂದು ವಾರ, ಕೆಲವೊಮ್ಮೆ ಹತ್ತು ದಿನ ಉಳಿಯುತ್ತದೆ. ಬೂಷ್ಟು ಬಂದ ಒಂದು ಹಣ್ಣನ್ನು ಹಾಗೆಯೇ ಬಿಟ್ಟರೆ ಅದು ಅಕ್ಕಪಕ್ಕದ ಹಣ್ಣುಗಳಿಗೆ ಫ್ರಿಜ್ಜಿನ ತಂಪಿನಲ್ಲಿಯೂ ಹರಡುತ್ತದೆ, ಹಾಗಾಗಿ ಎರಡು ದಿನಕ್ಕೊಮ್ಮೆ ನೋಡುತ್ತಿರಿ.

ತಿನ್ನುವಾಗ ಹಣ್ಣನ್ನು ಬೇಗನೆ ತೊಳೆದು, ಕಾಲು ಗಂಟೆ ಹೊರಗಿಟ್ಟು ತಿನ್ನಿ, ತುಂಬಾ ತಣ್ಣಗಿದ್ದರೆ ಅದರ ಪರಿಮಳ ತಿಳಿಯುವುದಿಲ್ಲ. ಮೊದಲ ಕೆಲವು ಹಣ್ಣುಗಳನ್ನು ಬೇರೇನೂ ಬೆರೆಸದೆ, ಒಂದೊಂದಾಗಿ ಕಚ್ಚಿ ತಿನ್ನುವಂತೆ ಮೊಮ್ಮಗಳಿಗೆ ಹೇಳಿ. ಸಿಪ್ಪೆಯ ಸಣ್ಣ ಒಗರು, ಒಳಗಿನ ಸಿಹಿ, ಕೊನೆಗೆ ಉಳಿಯುವ ಹುಳಿ, ಈ ಮೂರೂ ಹಾಗೆ ತಿಂದಾಗ ಮಾತ್ರ ಬೇರೆ ಬೇರೆಯಾಗಿ ತಿಳಿಯುತ್ತವೆ. ಬಾಳೆಹಣ್ಣಿನ ರಸಾಯನಕ್ಕೆ ಇದನ್ನು ದಯವಿಟ್ಟು ಹಾಕಬೇಡಿ. ಬೆಲ್ಲ, ತೆಂಗಿನ ಹಾಲು, ಏಲಕ್ಕಿಗಳ ಮುಂದೆ ಬ್ಲೂಬೆರಿಯ ಮೆಲುದನಿ ಕೇಳಿಸುವುದೇ ಇಲ್ಲ. ನನಗೆ ತುಂಬ ಹಿಡಿಸಿದ ಜೋಡಿ ಬೊಂಡದ ಎಳೆಯ ತಿರುಳು: ಅದನ್ನು ಸಣ್ಣಗೆ ಹೆಚ್ಚಿ, ಮೇಲೆ ತಲಾ ಏಳೆಂಟು ಹಣ್ಣು ಹಾಕಿದರೆ ಸಕ್ಕರೆಯೂ ಬೇಕಾಗುವುದಿಲ್ಲ, ಹನ್ನೆರಡು ಹಣ್ಣಿನ ಪಾಲು ಚಿಕ್ಕದೆಂದೂ ಅನ್ನಿಸುವುದಿಲ್ಲ. ಹುಳಿಯಿಲ್ಲದ ಗಟ್ಟಿ ಮೊಸರೂ ಆಗುತ್ತದೆ. ಕೊನೆಗೆ ಮೆತ್ತಗಾಗತೊಡಗಿದ ಹಣ್ಣು ಉಳಿದರೆ ಎರಡು ಚಮಚ ಸಕ್ಕರೆ, ನಾಲ್ಕು ಹನಿ ಲಿಂಬೆರಸ ಹಾಕಿ ಐದು ನಿಮಿಷ ಕುದಿಸಿ, ನೀರುದೋಸೆಯ ಜೊತೆ ಬಡಿಸಿ.

ಬೆಲೆ ಇಳಿದಾಗ ಎರಡು ಡಬ್ಬಿ ಕೊಂಡು ಒಂದನ್ನು ಫ್ರೀಜರಿನಲ್ಲಿಡಬಹುದು. ಪೂರ್ತಿ ಒಣಗಿದ ಹಣ್ಣನ್ನು ತಟ್ಟೆಯಲ್ಲಿ ಒಂದೇ ಪದರವಾಗಿ ಹರಡಿ ಗಟ್ಟಿಯಾಗಿಸಿ, ಬಳಿಕ ಚೀಲಕ್ಕೆ ತುಂಬಿದರೆ ಮುದ್ದೆಯಾಗುವುದಿಲ್ಲ. ಅಂಗಡಿಗಳಲ್ಲಿ ಹೆಪ್ಪುಗಟ್ಟಿಸಿದ ಬ್ಲೂಬೆರಿಯೂ ಸಿಗುತ್ತದೆ, ತೂಕದ ಲೆಕ್ಕದಲ್ಲಿ ಅದು ಸಾಮಾನ್ಯವಾಗಿ ಅಗ್ಗ. ಪೋಷಕಾಂಶ ಹೆಚ್ಚೇನೂ ಕಡಿಮೆಯಾಗಿರುವುದಿಲ್ಲ, ಆದರೆ ಕರಗಿದಾಗ ಹಣ್ಣು ಕುಸಿಯುವುದರಿಂದ ಅದು ಅಡುಗೆಗೂ ಹಾಲಿನ ಪಾನೀಯಗಳಿಗೂ ಮಾತ್ರ ಸರಿ. ಕಚ್ಚಿ ತಿನ್ನುವ ಸುಖ ತಾಜಾ ಹಣ್ಣಿನಲ್ಲಿಯೇ ಇದೆ. ಮಳೆಗಾಲದಲ್ಲಿ ಗಂಟೆಗಟ್ಟಲೆ ಕರೆಂಟು ಹೋಗುವ ಮನೆಯಾದರೆ ಫ್ರೀಜರಿನಲ್ಲಿಡುವ ಗೋಜಿಗೆ ಹೋಗದಿರುವುದು ಒಳ್ಳೆಯದು.

ಕೊನೆಯದಾಗಿ ಆರೋಗ್ಯದ ಮಾತು. ಬ್ಲೂಬೆರಿ ಒಳ್ಳೆಯ ಹಣ್ಣು, ಅದರ ಸಿಪ್ಪೆಯ ನೀಲಿಗೆ ಕಾರಣವಾದ ಆಂಥೋಸಯನಿನ್ ಎಂಬ ವರ್ಣದ್ರವ್ಯಗಳಿಂದಾಗಿಯೇ ಅದಕ್ಕೆ ಇಷ್ಟು ಹೆಸರು ಬಂದಿದೆ. ಆದರೆ ಅದೇ ಗುಂಪಿನ ವರ್ಣದ್ರವ್ಯಗಳು ನಮ್ಮ ನೇರಳೆ ಹಣ್ಣಿನಲ್ಲಿವೆ, ಪುನರ್ಪುಳಿಯ ಸಿಪ್ಪೆಯಲ್ಲಿವೆ. ನೂರು ಗ್ರಾಂ ಬ್ಲೂಬೆರಿಯಲ್ಲಿ ಸುಮಾರು 10 ಮಿಲಿಗ್ರಾಂ ವಿಟಮಿನ್ ಸಿ ಇದ್ದರೆ, ಅಷ್ಟೇ ತೂಕದ ಪೇರಳೆಯಲ್ಲಿ 200 ಮಿಲಿಗ್ರಾಂಗೂ ಹೆಚ್ಚು ಇರುತ್ತದೆ. ಆದ್ದರಿಂದ ಆರೋಗ್ಯದ ಹೆಸರಿನಲ್ಲಿ ನೀವು ಈ ಖರ್ಚನ್ನು ಸಮರ್ಥಿಸಿಕೊಳ್ಳಬೇಕಾಗಿಲ್ಲ, ಮೊಮ್ಮಗಳಿಗೆ ಕೊಡಿಸಲಾಗದ ವಾರಗಳಲ್ಲಿ ತಪ್ಪಿತಸ್ಥರೆಂದೂ ಭಾವಿಸಬೇಕಾಗಿಲ್ಲ. ನಿತ್ಯದ ಬಾಳೆ, ಪೇರಳೆ, ಪಪ್ಪಾಯಿಗಳನ್ನು ಕಡಿತ ಮಾಡಿ ಬ್ಲೂಬೆರಿ ಕೊಳ್ಳುವುದನ್ನು ಮಾತ್ರ ನಾನು ಒಪ್ಪುವುದಿಲ್ಲ. ರುಚಿಗಾಗಿ ಕೊಳ್ಳಿ, ಯಜಮಾನರಿಗೂ ಹನ್ನೆರಡು ಹಣ್ಣಿನ ಪಾಲು ಕೊಡಿ.

ಪ್ರಶ್ನೆ: ನರ್ಸರಿಯಲ್ಲಿ ಬ್ಲೂಬೆರಿ ಗಿಡವೊಂದಕ್ಕೆ 800 ರೂಪಾಯಿ ಹೇಳಿದರು. ಅದಕ್ಕೆ ಹುಳಿಮಣ್ಣು ಬೇಕೆಂದು ಓದಿದ್ದೇನೆ, ನಮ್ಮ ಮುರಮಣ್ಣಿನಲ್ಲಿ ಹುಳಿ ಇದೆಯಲ್ಲವೇ? ತಾರಸಿಯ ಕುಂಡದಲ್ಲಿ ಬೆಳೆದರೆ ಹಣ್ಣಿನ ಖರ್ಚು ಉಳಿದೀತೇ?
– ಓದುಗರೊಬ್ಬರು, ಸುರತ್ಕಲ್

ಉತ್ತರ: ನೀವು ಓದಿದ್ದು ಸರಿ. ಕಾಡಿನಲ್ಲಿ ಮಾತ್ರ ಬೆಳೆಯುತ್ತಿದ್ದ ಈ ಗಿಡವನ್ನು ತೋಟಕ್ಕೆ ತಂದ ಶ್ರೇಯಸ್ಸು ಅಮೆರಿಕದ ಸಸ್ಯಶಾಸ್ತ್ರಜ್ಞ ಫ್ರೆಡರಿಕ್ ಕೋವಿಲ್ ಅವರಿಗೂ ನ್ಯೂಜೆರ್ಸಿಯ ರೈತ ಕುಟುಂಬದ ಎಲಿಜಬೆತ್ ವೈಟ್ ಅವರಿಗೂ ಸಲ್ಲುತ್ತದೆ. ಇದಕ್ಕೆ ಫಲವತ್ತಾದ ತೋಟದ ಮಣ್ಣು ಬೇಡ, ಹುಳಿಮಣ್ಣೇ ಬೇಕೆಂದು ಕೋವಿಲ್ ಪ್ರಯೋಗಗಳಿಂದ ತೋರಿಸಿದರು. ವೈಟ್ ಅವರು ಊರಿನವರಿಗೆ ಹಣ ಕೊಟ್ಟು ದೊಡ್ಡ ಹಣ್ಣು ಬಿಡುವ ಕಾಡುಗಿಡಗಳನ್ನು ಹುಡುಕಿಸಿದರು. 1916ರಲ್ಲಿ ಅವರ ಮೊದಲ ಫಸಲು ಮಾರುಕಟ್ಟೆಗೆ ಬಂದಿತು. ಮಣ್ಣಿನ ಪಿಎಚ್ (ಹುಳಿಯ ಅಳತೆ; 7ಕ್ಕಿಂತ ಕೆಳಗಿಳಿದಷ್ಟೂ ಹುಳಿ ಹೆಚ್ಚು) 4.5ರಿಂದ 5.5ರ ನಡುವೆ ಇರಬೇಕೆಂಬುದು ಇಂದಿಗೂ ನಿಯಮ, ನಮ್ಮ ಮುರಮಣ್ಣು ಅದರಿಂದ ಬಹಳ ದೂರವೇನೂ ಇಲ್ಲ.

ಅಡಚಣೆಯಿರುವುದು ಮಣ್ಣಿನಲ್ಲಲ್ಲ, ಹವೆಯಲ್ಲಿ. ಹಳೆಯ ತಳಿಗಳಿಗೆ ಹೂ ಬಿಡಲು ವರ್ಷಕ್ಕೆ ನೂರಾರು ಗಂಟೆಗಳ ಕಾಲ 7 ಡಿಗ್ರಿಗಿಂತ ಕೆಳಗಿನ ಚಳಿ ಬೇಕು. ಸುರತ್ಕಲ್‌ನಲ್ಲಿ ಜನವರಿಯ ರಾತ್ರಿಯೂ 20 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ಚಳಿ ಅಷ್ಟಾಗಿ ಬೇಡದ ಹೊಸ ತಳಿಗಳು ಪೆರುವಿನಲ್ಲಿ ಚೆನ್ನಾಗಿ ಫಲ ಕೊಡುತ್ತಿವೆ ನಿಜ, ಆದರೆ ಅದು ಮಳೆಯೇ ಇಲ್ಲದ ಮರುಭೂಮಿಯ ಕರಾವಳಿ, ಅಲ್ಲಿ ಹನಿ ನೀರಾವರಿಯಿಂದ ಬೇರಿಗೆ ಅಳತೆಯ ನೀರು ಕೊಡುತ್ತಾರೆ. ಬ್ಲೂಬೆರಿಯ ಬೇರು ನವಿರಾದುದು, ಮೇಲುಮೇಲೆ ಹರಡುವಂತಹುದು. ವರ್ಷಕ್ಕೆ 4,000 ಮಿಲಿಮೀಟರಿನ ಹತ್ತಿರ ಮಳೆ ಸುರಿಯುವ ನಮ್ಮಲ್ಲಿ ಕುಂಡದ ನೀರು ಬಸಿಯದಿದ್ದರೆ ಅದು ಕೊಳೆಯುತ್ತದೆ. ಆದ್ದರಿಂದ ಗಿಡದ ಮೇಲಿನ ಪ್ರೀತಿಯಿಂದ ಪ್ರಯೋಗ ಮಾಡುವುದಾದರೆ ಮಾಡಿ, ಹಣ ಉಳಿಸುವ ಉದ್ದೇಶಕ್ಕೆ ಬೇಡ. ಇದೇ ಕುಲದ ಕಾಡುಗಿಡಗಳು ನಮ್ಮ ನೀಲಗಿರಿಯಲ್ಲಿಯೂ ಇವೆ, ಅವು ಸಹ ಎತ್ತರದ ತಂಪನ್ನೇ ಆಶ್ರಯಿಸಿವೆ.

ಆ 800 ರೂಪಾಯಿಯಲ್ಲಿ ಬಹುಪಾಲನ್ನು ಉಳಿಸಿ, ಒಂದು ಹಿಪ್ಪುನೇರಳೆಯ ಕಡ್ಡಿಯನ್ನು ದೊಡ್ಡ ಕುಂಡದಲ್ಲಿ ನೆಡಿ. ಬೇಗ ಬೇರೂರುತ್ತದೆ, ಸವರಿದಾಗ ಬರುವ ಹೊಸ ಚಿಗುರಿನ ಜೊತೆ ಕಾಯಿ ಕಚ್ಚುತ್ತದೆ, ಕಪ್ಪಾದ ಮೇಲೆ ಕೊಯ್ದರೆ ಹಣ್ಣು ಸಿಹಿಯಾಗಿರುತ್ತದೆ. ಜಾಗವಿರುವವರು ಬೇಲಿಯ ಬದಿಯಲ್ಲಿರುವ ಕುಂಟಲದ ಗಿಡವನ್ನು ಕಡಿಯದೆ ಉಳಿಸಿಕೊಳ್ಳಲಿ, ಅದರ ಪುಟ್ಟ ಕಪ್ಪು ಹಣ್ಣನ್ನು ಈಗಿನ ಅನೇಕ ಮಕ್ಕಳು ನೋಡಿಯೇ ಇಲ್ಲವೆಂಬುದು ನನಗೆ ನಿಜಕ್ಕೂ ನೋವಿನ ವಿಷಯ.

ಪ್ರಶ್ನೆ: ತಾಜಾ ಹಣ್ಣು ಕೈಗೆಟುಕುವುದಿಲ್ಲ. ಬದಲಿಗೆ ಬ್ಲೂಬೆರಿ ಕ್ರಶ್, ಒಣಗಿಸಿದ ಬ್ಲೂಬೆರಿ ಕೊಳ್ಳಬಹುದೇ?
– ಓದುಗರೊಬ್ಬರು, ಕುಂದಾಪುರ

ಉತ್ತರ: ಡಬ್ಬಿಯ ಮೇಲಿನ ಪದಾರ್ಥಗಳ ಪಟ್ಟಿಯನ್ನು ಓದಿ ನೋಡಿ. ತೂಕದಲ್ಲಿ ಹೆಚ್ಚಿರುವ ಪದಾರ್ಥವನ್ನು ಮೊದಲು ಬರೆಯಬೇಕೆಂಬ ನಿಯಮವಿದೆ. ಕ್ರಶ್‌ಗಳಲ್ಲಿ ಆ ಮೊದಲ ಹೆಸರು ಸಾಮಾನ್ಯವಾಗಿ ಸಕ್ಕರೆಯದೇ ಆಗಿರುತ್ತದೆ, ಒಣಗಿಸಿದ ಹಣ್ಣಿಗೂ ಅನೇಕ ವೇಳೆ ಸಕ್ಕರೆ ಬೆರೆಸಿರುತ್ತಾರೆ. ಅವು ತಾಜಾ ಹಣ್ಣಿಗೆ ಬದಲಿಯಲ್ಲ. ಬ್ಲೂಬೆರಿಯದೇ ರುಚಿ ಬೇಕೆನ್ನಿಸಿದರೆ ಸಕ್ಕರೆ ಸೇರಿಸದ, ಹೆಪ್ಪುಗಟ್ಟಿಸಿದ ಹಣ್ಣಿನ ಚಿಕ್ಕ ಪೊಟ್ಟಣವನ್ನು ಕೊಳ್ಳಿ, ತಂಪಾದ ಹುಳಿಸಿಹಿಯಷ್ಟೇ ಸಾಕೆನ್ನಿಸಿದರೆ ಮನೆಯಲ್ಲಿಯೇ ಒಣ ಪುನರ್ಪುಳಿಯನ್ನು ನೆನೆಸಿ, ಬೇಕಾದಷ್ಟೇ ಬೆಲ್ಲ ಹಾಕಿ ಶರಬತ್ತು ಮಾಡಿಕೊಳ್ಳಿ.